ದಲ್ಲಾಳಿಗೂ ಒಂದು ಪರೀಕ್ಷೆ

(ಒಬ್ಬರು ಸಿಂಧನೂರಿನಲ್ಲಿ ಪ್ಲಾಟು, ಮನೆಗಳ ವ್ಯಾಪಾರ ಕುದುರಿಸುತ್ತಲೇ ತಲೆ ನರೆತವರು. ಇನ್ನೊಬ್ಬಳು ಅವರ ಅಕ್ಕನ ಮಗಳು, ಲಿಂಗಸುಗೂರಿನಲ್ಲಿ ಬಿ.ಕಾಂ. ಮುಗಿಸಿ, ಇದೇ ಕಸುಬನ್ನು ಓದಿ ಕಲಿಯುತ್ತೇನೆಂದು ಹಟ ಹಿಡಿದವಳು. ಮಾತನ್ನು ಅವರ ನುಡಿಯಲ್ಲೇ ಬಿಟ್ಟಿದ್ದೇನೆ.)

ಮಾಮ: ಓದಿ ಕಲಿಯೋ ಕಸುಬೇನವ್ವಾ ಇದು? ನಾಲ್ಕು ಮಂದಿ ಪರಿಚಯ, ಒಂದು ಮೋಟರ್‌ಸೈಕಲ್ಲು, ಚಾರ್ಜ್ ಇಳಿಯದ ಮೊಬೈಲು. ಇಷ್ಟಿದ್ರ ಆತು. ನಮ್ಮನ್ನ ಯಾರು ಕಾಲೇಜಿಗೆ ಕಳಿಸಿದ್ರು?

ಸೊಸಿ: ಮಹಾರಾಷ್ಟ್ರದಾಗ ಕಳಿಸಾಕತ್ತಾರ ಮಾಮಾ. 2023ರ ಜನವರಿಯಾಗ ಅಲ್ಲಿನ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಅಂದ್ರ ರೇರಾ, ಆದೇಶ ಮಾಡ್ತು. ಏಜೆಂಟ್ ಆಗೋರು 20 ತಾಸಿನ ತರಬೇತಿ ತಗೊಂಡು, ಪರೀಕ್ಷೆ ಪಾಸಾಗಿ, ಪ್ರಮಾಣಪತ್ರ ತೋರಿಸಬೇಕು. ಹಳೇ ಏಜೆಂಟರನ್ನೂ ಬಿಡಲಿಲ್ಲ. ಸಿಂಗಪುರದಾಗ 2010ರ ಕಾಯ್ದೆ ಬಂದ ಮ್ಯಾಲ ಪರೀಕ್ಷೆ, ನೋಂದಣಿ ಎರಡೂ ಇಲ್ದ ಈ ಕಸುಬು ಮಾಡಾಕ ಬರಂಗಿಲ್ಲ. ಇಂಗ್ಲೆಂಡಿನಾಗ ಮನಿ ಮಾರೋದಕ್ಕ ಒಂದು, ಬಾಡಿಗಿ ಕೊಡಿಸೋದಕ್ಕ ಇನ್ನೊಂದು ಅಂತ ಬ್ಯಾರೆ ಬ್ಯಾರೆ ಅರ್ಹತಾ ಪತ್ರ ಅದಾವು.

ಮಾಮ: ನಮ್ಮಲ್ಲಿ?

ಸೊಸಿ: ನಮ್ಮಲ್ಲಿ 2017ರ ರೇರಾ ನಿಯಮ. ಒಬ್ಬನೇ ಮಾಡೋನಾದ್ರ 25,000 ರೂಪಾಯಿ, ಸಂಸ್ಥೆ ಆದ್ರ 2 ಲಕ್ಷ ಕಟ್ಟಿದ್ರ ಐದು ವರ್ಷಕ್ಕ ಒಂದು ನೋಂದಣಿ ನಂಬರ್. ಆ ನಿಯಮ ಬಂದಾಗ ಪ್ಯಾನ್ ಕಾರ್ಡ್ ಕೇಳ್ತು, ಫೋಟೊ ಕೇಳ್ತು, ಆದಾಯ ತೆರಿಗಿ ಲೆಕ್ಕ ಕೇಳ್ತು. ಪಹಣಿ ಓದಾಕ ಬರ್ತೈತೇನು ಅಂತ ಮಾತ್ರ ಕೇಳಲಿಲ್ಲ.

ಮಾಮ: ಸಬ್‌ರಿಜಿಸ್ಟ್ರಾರ್ ಕಚೇರಿ ಮುಂದ ಕುಂತು ಖರೀದಿ ಪತ್ರ ಬರೆಯೋನಿಗೂ ಲೈಸೆನ್ಸ್ ಐತಿ. ಅವನ ಹತ್ರ ಗಿರಾಕಿ ಕರ್ಕೊಂಡು ಹೋಗೋ ನಮಗ ಏನೂ ಇಲ್ಲ. ಚಾದಂಗಡಿ ಮುಂದ ನಿಂತು ಬಯಾನಾ ಇಸ್ಕೊಳ್ಳೋನಿಗೆ ರೇರಾ ಅಂದ್ರ ಬೆಂಗಳೂರಿನ ಅಪಾರ್ಟ್‌ಮೆಂಟಿನೋರ ಸುದ್ದಿ. ನಮಗದು ಹತ್ತಂಗಿಲ್ಲ ಅನ್ನೋದು ಎಲ್ಲಾರ ಧೈರ್ಯ.

ಸೊಸಿ: ಹತ್ತತೈತಿ. ಯೋಜನಾ ಪ್ರದೇಶದೊಳಗ 500 ಚದರ ಮೀಟರ್ ಮೀರಿದ ಜಾಗದಾಗ ಲೇಔಟ್ ಮಾಡಿ ಮಾರಿದ್ರ ನೋಂದಣಿ ಬೇಕು. ಲೆಕ್ಕ ಹಾಕ್ರಿ. 500 ಚದರ ಮೀಟರ್ ಅಂದ್ರ ಸುಮಾರು 5,380 ಚದರಡಿ. 30-40ರ ನಾಲ್ಕು ಪ್ಲಾಟು, ಮ್ಯಾಲೊಂದು ಅರ್ಧ. ಎಕರೆಗೆ 4,047 ಚದರ ಮೀಟರ್. ಗಂಗಾವತಿ ರಸ್ತೆ, ಕುಷ್ಟಗಿ ರಸ್ತೆ ಮಗ್ಗಲ ಎಕರೆಗಟ್ಲೆ ಲೇಔಟ್ ಬೀಳ್ತಾವಲ್ಲ, ಅವು ತಪ್ಪಿಸ್ಕೊಳ್ಳೋದು ಹ್ಯಾಂಗ? ನೋಂದಣಿ ಇಲ್ದ ಏಜೆಂಟ್ ಅಂಥ ಪ್ಲಾಟು ಮಾರಿಸಿದ್ರ ದಿನಕ್ಕ 10,000 ದಂಡ, ಪ್ಲಾಟಿನ ಬೆಲೆಯ ನೂರಕ್ಕ ಐದರ ಮಟ.

ಮಾಮ: ದಿನಕ್ಕ?

ಸೊಸಿ: ದಿನಕ್ಕ.

ಮಾಮ: ಆತು, ದಂಡದ ಪಾಠ ಬಾಯಿಪಾಠ ಮಾಡಿ. ಈಗ ನಾ ಒಂದು ಪ್ರಶ್ನೆ ಹಾಕ್ತೀನಿ. ಖಾಸ್ರಾ ಪಹಣಿ ಅಂದ್ರೇನು?

ಸೊಸಿ: ... ಹಳೇ ಪಹಣಿ?

ಮಾಮ: ಹಳೇದಂದ್ರ ಎಷ್ಟು ಹಳೇದು? ನಮ್ಮದು ನಿಜಾಮನ ಸೀಮಿ. ಲಿಂಗಸುಗೂರು 1905ರ ಮಟ ತಾನೇ ಒಂದು ಜಿಲ್ಲಾ ಕೇಂದ್ರ. ಹೈದರಾಬಾದ್ ಸೈನ್ಯದ ಛಾವಣಿ ಇದ್ದ ಊರು. ಆ ಕಾಲದ ಜಮೀನಿನ ದಾಖಲೆ, ಸೇತ್ವಾರ್, ಎಲ್ಲಾ ಉರ್ದುವಿನಾಗ. ವಿಲೀನ ಆದ ಮ್ಯಾಲ 1954ರ ಸುಮಾರಿಗೆ ಬರೆದಿದ್ದು ಖಾಸ್ರಾ ಪಹಣಿ. ಹೊಲ ಯಾರ ಹೆಸರಿಗಿತ್ತು, ಉಳೋನು ಯಾರು, ಇನಾಂ ಐತೇನು, ಸರಕಾರದ್ದೇನು, ನಮ್ಮ ಕಡೆ ಬೇರು ಅಲ್ಲಿ ಹುಡುಕಬೇಕು. ಈಗಿನ ಹುಡುಗರು ಕಂಪ್ಯೂಟರ್ ಪಹಣಿ ಒಂದು ತಗದು ‘ಕ್ಲಿಯರ್ ಐತಿ ಸಾರ್’ ಅಂತಾರ. ಪುಣೆಯಾಗ ಬರೆದ ಪುಸ್ತಕದಾಗ ಈ ಪಾಠ ಇರ್ತೈತೇನು?

ಸೊಸಿ: ಇರಂಗಿಲ್ಲ. ಅದಕ್ಕ ನಿಮ್ಮ ಹತ್ರ ಬಂದೀನಿ. ಇಸಿ, ಅಂದ್ರ ಋಣಭಾರ ಪತ್ರ, ತಗಸಿದ್ರ ಸಾಲಂಗಿಲ್ಲೇನು?

ಮಾಮ: ಇಸಿ ಬೇಕು. ಆದ್ರ ಆನ್‌ಲೈನ್‌ನಾಗ ಸಿಗೋ ಇಸಿ 2004ರ ಏಪ್ರಿಲ್ ಈಚಿಗಿನದು. ಅದಕ್ಕೂ ಹಿಂದಿನದು ಬೇಕಂದ್ರ ಕಚೇರಿಗೆ ಹೋಗಿ ಅರ್ಜಿ ಹಾಕಬೇಕು. ಮತ್ತ ಇಸಿಯಾಗ ಕಾಣೋದು ರಿಜಿಸ್ಟರ್ ಆಗಿದ್ದು ಮಾತ್ರ. ಬಾಂಡ್ ಮ್ಯಾಲ ಮಾಡ್ಕೊಂಡ ಕರಾರು ಕಾಣಂಗಿಲ್ಲ, ಬಾಯಿಮಾತಿನ ಪಾಲು ಕಾಣಂಗಿಲ್ಲ, ಕೋರ್ಟಿನ ದಾವೆ ಕಾಣಂಗಿಲ್ಲ. ಎಲ್ಲಾಕಿಂತ ಹೆಚ್ಚು ಕಾಣದೇ ಇರೋರು ಹೆಣ್ಮಕ್ಕಳು.

ಸೊಸಿ: ಅಂದ್ರ?

ಮಾಮ: ಅಪ್ಪ ಸತ್ತಾನ, ಹೊಲ ನಾಲ್ಕು ಮಂದಿ ಅಣ್ಣತಮ್ಮರ ಹೆಸರಿಗೆ ಆಗೇತಿ, ಪ್ಲಾಟು ಹಾಕಿ ಮಾರಾಕತ್ತಾರ. ‘ಅಕ್ಕತಂಗೇರು?’ ಅಂದ್ರ, ‘ಲಗ್ನ ಮಾಡಿ ಕೊಟ್ಟೀವಿ, ಪಂಚಮಿಗೆ ಸೀರಿ ಉಡಸ್ತೀವಿ, ಇನ್ನೇನು ಪಾಲು?’ ಅಂತಾರ. ಕರ್ನಾಟಕ 1994ರಾಗ, ಇಡೀ ದೇಶ 2005ರಾಗ ಮಗಳಿಗೂ ಹುಟ್ಟಿನಿಂದ ಪಾಲು ಅಂತ ಕಾನೂನು ಮಾಡೈತಿ. ಆದ್ರೂ ವಂಶವೃಕ್ಷದಾಗ ಹೆಣ್ಮಕ್ಕಳ ಹೆಸರೇ ಬಿಟ್ಟು ತರ್ತಾರ. ತಗೊಂಡೋನು ಮನಿ ಕಟ್ಟಿ ಮುಗಿಸೋ ಹೊತ್ತಿಗೆ ಮಾನ್ವಿಯಿಂದಲೋ ಕುಷ್ಟಗಿಯಿಂದಲೋ ನೋಟೀಸ್ ಬರ್ತೈತಿ. ಇದನ್ನ ಯಾವ ಕಚೇರಿಯಾಗೂ ಕೇಳಿ ತಿಳಿಯಾಕ ಬರಂಗಿಲ್ಲ. ಆ ಊರಿಗೆ ಹೋಗಿ ನಾಲ್ಕು ಮನಿಯಾಗ ಚಾ ಕುಡಿಬೇಕು. ಮೂರನೇ ಮನಿಯಾಗ ಗೊತ್ತಾಗ್ತೈತಿ, ಈ ಮನಿಗೆ ಹೆಣ್ಮಕ್ಕಳು ಎಷ್ಟು ಮಂದಿ ಅಂತ.

ಸೊಸಿ: ನೀವು ಹಂಗ ಹೋಗಿ ಕೇಳ್ತೀರಿ?

ಮಾಮ: ಕೇಳ್ತೀನಿ. ವ್ಯಾಪಾರ ಮುರೀತೈತಿ ಅಂತ ಕೇಳದೇ ಇರೋರೇ ಹೆಚ್ಚು. ಕ್ಯಾಂಪಿನ ಕಡೆ ಹೋದ್ರ ಇನ್ನೊಂದು ತೆರನ. 1953ರಾಗ ತುಂಗಭದ್ರಾ ನೀರು ಬಿಟ್ಟ ಮ್ಯಾಲ ಆಂಧ್ರದ ಕರಾವಳಿಯಿಂದ ಬಂದು ಭೂಮಿ ಕೊಂಡು ಗದ್ದಿ ಮಾಡಿದೋರ ಮೊಮ್ಮಕ್ಕಳು ಈಗ ಹೈದರಾಬಾದ್, ಅಮೆರಿಕ ಸೇರ್ಕೊಂಡಾರ. ಮಾರೋನು ಇಲ್ಲಿರಂಗಿಲ್ಲ, ಅವನು ಬರೆದುಕೊಟ್ಟ ಅಧಿಕಾರ ಪತ್ರ, ಜಿಪಿಎ, ಇರ್ತೈತಿ. ಜಿಪಿಎ ಕೊಟ್ಟೋನು ಬದುಕ್ಯಾನೇನು ಅಂತ ನೋಡಬೇಕು. ಅವನು ಸತ್ರ ಅಧಿಕಾರನೂ ಸತ್ತಂಗ. ಹೊರದೇಶದಾಗ ಬರೆದ ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗ ಸ್ಟಾಂಪ್ ಮಾಡಿಸಬೇಕು.

ಸೊಸಿ: ಬರೀ ಜಿಪಿಎ ಮ್ಯಾಲ ‘ಮಾರಾಟ’ ಮಾಡಿದ್ರ ಮಾಲಕಿ ಬರಂಗಿಲ್ಲ ಅಂತ 2011ರಾಗ ಸುಪ್ರೀಂ ಕೋರ್ಟ್ ಹೇಳೈತಿ. ಸೂರಜ್ ಲ್ಯಾಂಪ್ ಪ್ರಕರಣ.

ಮಾಮ: ಹೆಸರು ಗೊತ್ತಿರಲಿಲ್ಲ. ಸಂಗತಿ ಗೊತ್ತಿತ್ತು.

ಸೊಸಿ: ಪರೀಕ್ಷೆಯಾಗ ಹೆಸರು ಕೇಳ್ತಾರ, ಗಿರಾಕಿ ಸಂಗತಿ ಕೇಳ್ತಾನ. ಎರಡೂ ಬೇಕು.

ಮಾಮ: ಬಾಯಿ ಜೋರೈತಿ, ಕಸುಬಿಗೆ ಆಗ್ತಿ. ಈಗ ಎನ್.ಎ. ಹೇಳು.

ಸೊಸಿ: 1964ರ ಭೂಕಂದಾಯ ಕಾಯ್ದೆ, ಕಲಂ 95. ಹೊಲವನ್ನ ಬ್ಯಾಸಾಯ ಬಿಟ್ಟು ಬ್ಯಾರೆ ಕೆಲಸಕ್ಕ ಬಳಸಬೇಕಂದ್ರ ಜಿಲ್ಲಾಧಿಕಾರಿ ಆದೇಶ. ಅದಾದ ಮ್ಯಾಲ ಲೇಔಟ್ ನಕ್ಷೆಗೆ ಮಂಜೂರಾತಿ ಬ್ಯಾರೆ ತಗೋಬೇಕು.

ಮಾಮ: ಅಲ್ಲೇ ಇರೋದು ಗುಟ್ಟು. ‘ಎನ್.ಎ. ಆಗೇತಿ’ ಅಂತ ಆದೇಶ ತೋರಸ್ತಾರ, ನಕ್ಷೆ ತೋರಸಂಗಿಲ್ಲ. ರಸ್ತೆ ಎಷ್ಟು ಅಡಿ, ಪಾರ್ಕಿಗೆ ಬಿಟ್ಟ ಜಾಗ ಯಾವ್ದು ಅನ್ನೋದು ನಕ್ಷೆಯಾಗ. ಪಾರ್ಕಿನ ಜಾಗಾನೇ ಪ್ಲಾಟು ಮಾಡಿ ಮಾರಿದೋರು ಇದ್ದಾರ. ಎನ್.ಎ.ನೂ ಇಲ್ದ ಗುಂಟೆ ಲೆಕ್ಕದಾಗ ಮಾರೋದು ಇನ್ನೊಂದು. ಸರ್ವೆ ನಂಬರಿನ ತುಂಡು ಮಾರಬೇಕಂದ್ರ 11-ಇ ನಕ್ಷೆ ಬೇಕು. ಊರ ಹೊರಗ ಪಂಚಾಯ್ತಿ ಹದ್ದಿನಾಗಿದ್ರ ಇ-ಸ್ವತ್ತು: ಫಾರ್ಮ್ 9 ಜೊತಿ 11-ಎ ಐತೋ, ಬರೇ 11-ಬಿ ಐತೋ ನೋಡಬೇಕು. ಆ ಒಂದು ಅಕ್ಷರದಾಗ ಬ್ಯಾಂಕಿನ ಸಾಲ ಸಿಗೋದು, ಬಿಡೋದು ಐತಿ. ಸಿಂಧನೂರು ನಗರಸಭೆ, ಲಿಂಗಸುಗೂರು, ಮಸ್ಕಿ ಪುರಸಭೆ ಒಳಗಾದ್ರ ಇ-ಆಸ್ತಿ ಖಾತಾ. 2025ರಾಗ ಬಿ ಖಾತಾ ಕೊಡಾಕ ಶುರು ಮಾಡಿದ್ರಲ್ಲ, ಮಂದಿ ಪಟಾಕಿ ಹಚ್ಚೋದೊಂದು ಬಾಕಿ. ಬಿ ಖಾತಾ ಅಂದ್ರ ಕರ ಕಟ್ಟಿಸ್ಕೊಳ್ಳೋ ಲೆಕ್ಕ. ಅಕ್ರಮ ಇದ್ದದ್ದು ಸಕ್ರಮ ಆತಂತ ಅಲ್ಲ. ಇದನ್ನ ಗಿರಾಕಿಗೆ ಬಿಡಿಸಿ ಹೇಳೋ ದಲ್ಲಾಳಿ ಒಬ್ಬನನ್ನ ತೋರಿಸು.

ಸೊಸಿ: ಖರ್ಚಿನ ಲೆಕ್ಕನೂ ಯಾರೂ ಮೊದ್ಲು ಹೇಳಂಗಿಲ್ಲ. ಊರೊಳಗಿನ ಪ್ಲಾಟಿಗೆ 10 ಲಕ್ಷ ಅಂತ ಇಟ್ಕೊಳ್ರಿ. ಮುದ್ರಾಂಕ ಶುಲ್ಕ ನೂರಕ್ಕ 5, ಅದರ ಮ್ಯಾಲ ಸೆಸ್, ಸರ್‌ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ 1 ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಗೇತಿ. ಒಟ್ಟು 76,000. ಬಯಾನಾ ಕೊಟ್ಟ ಮ್ಯಾಲ ಇದು ಗೊತ್ತಾದ್ರ ಆ ಮನಿಯೋರು ಬಂಗಾರ ಅಡ ಇಡ್ತಾರ.

ಮಾಮ: ಬಯಾನಾ ಅಂದಿ ನೋಡು...

ಸೊಸಿ: ನೀವು ರೊಕ್ಕದಾಗ ಇಸ್ಕೋತೀರಲ್ಲ, 51,000, 1,01,000 ಅಂತ? ಆಸ್ತಿ ವ್ಯವಹಾರದ ಮುಂಗಡ 20,000 ಆದ್ರೂ ದಾಟಿದ್ರೂ ನಗದಿನಾಗ ತಗೊಳ್ಳಾಕ ಬರಂಗಿಲ್ಲ. 2015ರಿಂದ ಐತಿ ಇದು. ತಗೊಂಡಷ್ಟೇ ದಂಡ ಬೀಳಬಹುದು.

ಮಾಮ: ಮುಹೂರ್ತದ ರೊಕ್ಕ ಚೆಕ್ಕಿನಾಗ ಕೊಟ್ರ ನಮ್ಮ ಮಂದಿಗೆ ಶಾಸ್ತ್ರ ಆದಂಗ ಅನ್ಸಂಗಿಲ್ಲವ್ವಾ.

ಸೊಸಿ: ಒಂದು ರೂಪಾಯಿ, ಎಲಿ ಅಡಿಕಿ ಕೈಯಾಗ ಕೊಡಲಿ. ಉಳಿದಿದ್ದು ಬ್ಯಾಂಕಿನಾಗ.

ಮಾಮ: ಹ್ಞಂ. ಇನ್ನೂ ಒಂದು ಪಾಠ ಐತಿ, ಕಾಗದದಾಗ ಇರಂಗಿಲ್ಲ. ನಮ್ಮದು ಎರಿಭೂಮಿ. ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಿಗಿಗೆ ಬಾಯಿ ಬಿಡ್ತೈತಿ. ಕಾಲುವಿ ಕೆಳಗಿನ ಗದ್ದಿಗೆ ಮರಂ ಸುರುವಿ ಪ್ಲಾಟು ಮಾಡ್ತಾರ. ಸವಳು ಜವಳಿನ ಜಾಗ ಇದ್ರ ಗ್ವಾಡಿ ಮೊಣಕಾಲ ಮಟ ಉಪ್ಪು ಏರ್ತೈತಿ. ಏಪ್ರಿಲ್‌ನಾಗ ಕಾಲುವಿ ಒಣಗಿದಾಗ ಪ್ಲಾಟು ತೋರಿಸೋನನ್ನ ನಂಬಬ್ಯಾಡ. ಆಗಸ್ಟಿನಾಗ, ನೀರು ಹರಿಯೋವಾಗ ಹೋಗಿ ನಿಂತು ನೋಡಬೇಕು.

ಸೊಸಿ: ಮಸ್ಕಿಗೆ ಅದರ ಜೊತಿ ಇನ್ನೊಂದೈತಿ. 1915ರಾಗ ಸಿಕ್ಕ ಅಶೋಕನ ಶಾಸನ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅದರ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷೇಧ, ಅಲ್ಲಿಂದ ಮತ್ತ 200 ಮೀಟರ್ ಅನುಮತಿ ಇಲ್ದ ಕಟ್ಟಂಗಿಲ್ಲ.

ಮಾಮ: ಅಶೋಕ ನಮ್ಮ ಕಮಿಷನ್ನಿಗೂ ಕಲ್ಲು ಹಾಕ್ಯಾನ ಅನ್ನು.

ಸೊಸಿ: ನಗಬ್ಯಾಡ್ರಿ. ಶಾಸನದ ಗುಡ್ಡದ ಹತ್ರ ಪ್ಲಾಟು ತಗೊಳ್ಳೋ ಹೊಸ ಮಂದಿಗೆ ಹೇಳೋರು ಬೇಕಲ್ಲ. 2018ಕ್ಕ ಮಸ್ಕಿ ತಾಲೂಕು ಆತು, ಕಚೇರಿ ಬಂದ್ವು. ಸಿಂಧನೂರಿಗೆ 2024ರಾಗ ರೈಲು ಬಂತು. ಹಟ್ಟಿಯಾಗ ಚಿನ್ನದ ಗಣಿ ಐತಿ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ಹೆದ್ದಾರಿ ಮ್ಯಾಲ, 150-ಎ. ವರ್ಗ ಆಗಿ ಬರೋ ಮಾಸ್ತರರು, ಬ್ಯಾಂಕಿನೋರು, ನರ್ಸುಗಳು, ಓದೋ ಹುಡುಗರು. ಇವರಿಗೆ ಪ್ಲಾಟು ಬ್ಯಾಡ ಮಾಮಾ, ಬಾಡಿಗಿ ಮನಿ ಬೇಕು. ನಾ ಕಲಿಯಬೇಕು ಅಂತಿರೋದು ಮುಖ್ಯ ಅದನ್ನ.

ಮಾಮ: ಬಾಡಿಗ್ಯಾಗ ಏನೈತಿ? ಹೆಚ್ಚಂದ್ರ ಒಂದು ತಿಂಗಳ ಬಾಡಿಗಿ ಸಿಗ್ತೈತಿ. ಅದಕ್ಕ ಹತ್ತು ಸಲ ಕೀಲಿ ತಿರುವಬೇಕು. ಒಂದು ಪ್ಲಾಟು ಮಾರಿಸಿದ್ರ ವರ್ಷ ಕೂತು ಉಣಬಹುದು.

ಸೊಸಿ: ಪ್ಲಾಟಿಗೆ ಪಹಣಿ ಐತಿ, ಇಸಿ ಐತಿ, ಖಾತಾ ಐತಿ, ಕೆಟ್ಟದ್ದೋ ಒಳ್ಳೇದೋ ಒಂದು ಕಾಗದ ಇರ್ತೈತಿ. ಬಾಡಿಗಿಗೆ ಏನೈತಿ? ನಮ್ಮ ಓಣಿಯಾಗ ವರ್ಷಗಟ್ಲೆ ಇದ್ದೋರ ಹತ್ರ ಒಂದು ಚೀಟಿ ಇಲ್ಲ. ಅಡ್ವಾನ್ಸ್ ಕೊಟ್ಟಿದ್ದಕ್ಕ ರಸೀದಿ ಇಲ್ಲ. ಬಿಡೋವಾಗ ‘ಬಣ್ಣ ಹೋಗೇತಿ, ನಳ ಮುರಿದೈತಿ’ ಅಂತ ಅರ್ಧ ಮುರ್ಕೋತಾರ. ಬರೋ ದಿನನೇ ಮನಿ ಹ್ಯಾಂಗಿತ್ತು ಅಂತ ಬರೆದು, ಮೊಬೈಲಿನಾಗ ಫೋಟೊ ತಗದು, ಇಬ್ಬರ ಸಹಿ ಹಾಕಿಸಿದ್ರ ಜಗಳನೇ ಇಲ್ಲ. ಇದಕ್ಕ ದೊಡ್ಡ ಕಾನೂನು ಬೇಕಿಲ್ಲ, ಒಂದು ತಾಸು ಬೇಕು.

ಮಾಮ: 11 ತಿಂಗಳ ಕರಾರು ಬಾಂಡ್ ಅಂಗಡಿಯಾಗ ತಯಾರೇ ಸಿಗ್ತೈತಲ್ಲ.

ಸೊಸಿ: ಅದು ಯಾಕ 11 ಅಂತ ಎಷ್ಟು ಮಂದಿಗೆ ಗೊತ್ತೈತಿ? ವರ್ಷ ಮೀರಿದ ಗುತ್ತಿಗಿ ಆದ್ರ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು. ಅದನ್ನ ತಪ್ಪಿಸಾಕ 11. ಇರಲಿ. ಆದ್ರ ‘ಲೀಸಿಗೆ’ ಅಂತ ಎರಡು ಮೂರು ವರ್ಷಕ್ಕ ಲಕ್ಷಗಟ್ಲೆ ಇಸ್ಕೊಂಡು, ಅದನ್ನೂ ಬಾಂಡ್ ಮ್ಯಾಲ ಬರೆದು ನೋಟರಿ ಮಾಡಿಸಿ ಕೊಡ್ತಾರ. ಮನಿ ಮ್ಯಾಲ ಮೊದ್ಲೇ ಬ್ಯಾಂಕ್ ಸಾಲ ಇದ್ರ? ಬ್ಯಾಂಕಿನೋರು ಬಂದು ಕೀಲಿ ಹಾಕಿದ್ರ ಆ ಕುಟುಂಬ ಎಲ್ಲಿ ಹೋಗಬೇಕು? ಮಾರೋ ಮನಿಗೆ ಇಸಿ ತಗಸ್ತೀರಿ. ಲೀಸಿನ ಮನಿಗೂ ತಗಸಬೇಕು ಅಂತ ಯಾವ ಏಜೆಂಟ್ ಹೇಳ್ಯಾನ?

ಮಾಮ: ... ಹೇಳಿಲ್ಲ. ಯಾರೂ ಹೇಳಂಗಿಲ್ಲ.

ಸೊಸಿ: ಬಾಡಿಗಿ ಚೀಟಿ ಇಲ್ದ ಪುಕ್ಕಟೆ ಕರೆಂಟಿನ ಗೃಹಜ್ಯೋತಿಗೂ ಒದ್ದಾಡ್ತಾರ. ಬಾಡಿಗಿ ಇದ್ದೋರಿಗೂ ಆ ಯೋಜನೆ ಐತಿ, ಆದ್ರ ಆ ಮನಿಯಾಗ ಇರೋದಕ್ಕ ಪುರಾವೆ ತೋರಿಸಬೇಕು. ಮಾಲೀಕ ಕರಾರು ಕೊಡಾಕ ಒಲ್ಲೆ ಅಂತಾನ. ಕಾಗದ ಕೊಟ್ರ ಮನಿನೇ ಹೊಡ್ಕೋತಾರ ಅಂತ ಅವನ ಅಂಜಿಕಿ. ಖರೆ ಹೇಳಬೇಕಂದ್ರ ಕಾಗದ ಕಾಯೋದು ಅವನನ್ನೂ. ತಿಂಗಳ ಬಾಡಿಗಿ ಆದ್ರ 15 ದಿನದ ನೋಟೀಸು, ಕರಾರಿನಾಗ ಬ್ಯಾರೆ ಬರೆದಿದ್ರ ಅಷ್ಟು ದಿನ. ಇಬ್ಬರಿಗೂ ಇದನ್ನ ಕೂಡಿಸಿ ಹೇಳೋನೇ ಏಜೆಂಟ್. ಕೇಂದ್ರ 2021ರಾಗ ಮಾದರಿ ಬಾಡಿಗಿ ಕಾಯ್ದೆ ಮಾಡಿ, ವಾಸದ ಮನಿಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬ್ಯಾಡ ಅಂತ ರಾಜ್ಯಗಳಿಗೆ ಹೇಳೈತಿ. ನಮ್ಮ 1999ರ ಬಾಡಿಗಿ ಕಾಯ್ದೆಯಾಗೂ ಮಧ್ಯವರ್ತಿ ನೋಂದಣಿ ಮಾಡಿಸಬೇಕು ಅನ್ನೋ ಮಾತೈತಿ. ಇಂಗ್ಲೆಂಡಿನಾಗ 2019ರಿಂದ ಏಜೆಂಟ್ ಕಮಿಷನ್ನನ್ನ ಬಾಡಿಗಿಯೋರ ಹತ್ರ ಕೇಳಂಗೇ ಇಲ್ಲ, ಮಾಲೀಕನೇ ಕೊಡಬೇಕು.

ಮಾಮ: ಅದನ್ನ ಇಲ್ಲಿ ತಂದ್ರ ನಿನ್ನನ್ನ ಊರ ಏಜೆಂಟರೆಲ್ಲಾ ಸೇರಿ ಓಡಸ್ತಾರ. ಒಂದು ಕೇಳ್ತೀನಿ. ಮಾಲೀಕ ಮೊದ್ಲು ಕೇಳೋದು ಬಾಡಿಗಿ ಅಲ್ಲ, ‘ಯಾ ಮಂದಿ?’ ಅಂತ. ಅದಕ್ಕ ನಿನ್ನ ಪುಸ್ತಕದಾಗ ಉತ್ತರ ಐತೇನು?

ಸೊಸಿ: ನೀವು ಏನು ಮಾಡ್ತೀರಿ?

ಮಾಮ: ಫೋನಿನಾಗೇ ಕೇಳ್ಕೊಂಡು ಬಿಡ್ತೀನಿ. ಇಲ್ಲಾಂದ್ರ ಬಿಸಿಲಾಗ ಅವರೂ ತಿರುಗಬೇಕು, ನಾನೂ ತಿರುಗಬೇಕು. ಮನಿ ತೋರಿಸಿ, ಒಪ್ಪಿಗಿ ಆಗಿ, ಆಮ್ಯಾಲ ಹೆಸರು ಕೇಳಿ ‘ನಮ್ಮ ತಮ್ಮ ಬರ್ತಾನಂತ, ಮನಿ ಕೊಡಂಗಿಲ್ಲ’ ಅಂದ್ರ ಅವರ ಮುಖ ನೋಡಾಕ ಆಗಂಗಿಲ್ಲ.

ಸೊಸಿ: ಮುಖ ನೋಡಬಾರದಂತ ಮೊದ್ಲೇ ನೀವೇ ಬ್ಯಾಡ ಅಂದುಬಿಡ್ತೀರಿ. ಮಾಲೀಕನ ಬಾಯಿಂದ ಬರಬೇಕಾದ್ದು ನಿಮ್ಮ ಬಾಯಿಂದ ಬರ್ತೈತಿ, ಅವನು ಒಳ್ಳೆಯವನಾಗೇ ಉಳೀತಾನ. ಮಸ್ಕಿಗೆ ವರ್ಗ ಆಗಿ ಬಂದ ನರ್ಸ್ ಒಬ್ಬಾಕಿ ರಾತ್ರಿ ಪಾಳಿ ಮಾಡಿ ಬಂದು ಮನಿ ಹುಡುಕ್ತಾಳ. ಆಕಿ ಊರಿನ ಮಂದಿಗೆ ಸೂಜಿ ಚುಚ್ಚಬಹುದು, ಊರಾಗ ಇರಬಾರದು? ನಾ ಒಂದು ಫಾರ್ಮ್ ಮಾಡ್ತೀನಿ. ಮನಿಯಾಗ ಎಷ್ಟು ಮಂದಿ, ಬಾಡಿಗಿ ಎಷ್ಟು, ಅಡ್ವಾನ್ಸ್ ಎಷ್ಟು, ನೀರು ಎಷ್ಟೊತ್ತಿಗೆ, ಜೆಸ್ಕಾಂ ಮೀಟರ್ ಬ್ಯಾರೆ ಐತೋ ಇಲ್ಲೋ. ಜಾತಿ ಕಾಲಂ ಇರಂಗಿಲ್ಲ. ಕೇಳಬೇಕಂದ್ರ ಮಾಲೀಕನೇ ಎದುರು ನಿಂತು ಕೇಳಲಿ.

ಮಾಮ: ಮನಿ ಕಳಕೋತಿ.

ಸೊಸಿ: ಕೆಲವು ಕಳಕೋತೀನಿ. ಕೆಲವು ಮಾಲೀಕರು ಎದುರು ನಿಂತಾಗ ಕೇಳಾಕ ನಾಚತಾರ. ಅಷ್ಟು ಮನಿ ಸಿಕ್ರೂ ಸಾಕು.

ಮಾಮ: ಹೆಣ್ಣುಡುಗಿ ಕೀಲಿ ಗೊಂಚಲು ಹಿಡ್ಕೊಂಡು ಪರಸ್ಥಳದೋರ ಜೊತಿ ಖಾಲಿ ಮನಿಗೆ ಹೋಗೋದು ನಿಮ್ಮವ್ವಗ ಸೇರಂಗಿಲ್ಲ.

ಸೊಸಿ: ಮನಿ ನೋಡಾಕ ಬರೋರು ಯಾರು? ಅರ್ಧಕ್ಕರ್ಧ ಹೆಣ್ಮಕ್ಕಳು. ಬಚ್ಚಲಿಗೆ ಚಿಲಕ ಐತೇನು, ಅಡಗಿ ಮನಿಗೆ ಕಿಟಕಿ ಐತೇನು, ಬಾವಿ ಕಟ್ಟಿ ಎತ್ತರ ಐತೇನು ಅಂತ ಅವರು ನಿಮ್ಮನ್ನ ಕೇಳಂಗಿಲ್ಲ, ನನ್ನ ಕೇಳ್ತಾರ. ಜೊತಿಗೆ ಯಾರಾದ್ರೂ ಇರಲಿ, ಹಗಲೇ ಹೋಗ್ತೀನಿ. ಈಗ ನಾ ಕೇಳ್ತೀನಿ. ಮಾರೋನಿಗೆ 12 ಅಂತ ಹೇಳಿ, ತಗೊಳ್ಳೋನಿಗೆ 13 ಅಂತ ಹೇಳಿ, ನಡುವಿನ ಒಂದು ಲಕ್ಷ ಕಿಸೆಗೆ ಹಾಕ್ಕೊಳ್ಳೋದು ಯಾವ ಪುಸ್ತಕದ ಪಾಠ?

ಮಾಮ: ‘ಮ್ಯಾಲ ಬಂದದ್ದು ನಿಂದು’ ಅಂತ ಮಾರೋನೇ ಹೇಳಿರ್ತಾನ.

ಸೊಸಿ: ತಗೊಳ್ಳೋನು ಹೇಳಿರ್ತಾನೇನು? ಅವನ ಕಡಿಂದಲೂ ನೂರಕ್ಕ ಒಂದೋ ಎರಡೋ ಕಮಿಷನ್ ಇಸ್ಕೊಂಡಿರ್ತೀರಿ. ಏಜೆಂಟ್ ಲೆಕ್ಕದ ಪುಸ್ತಕ ಇಡಬೇಕು, ತಗೊಳ್ಳೋನಿಗೆ ಬರಬೇಕಾದ ಮಾಹಿತಿ, ಕಾಗದ ಎಲ್ಲಾ ಸಿಗೂ ಹಂಗ ಮಾಡಬೇಕು, ಮೋಸದ ಮಾತು ಆಡಬಾರದು ಅಂತ ರೇರಾ ಕಾಯ್ದೆಯ ಕಲಂ 10 ಹೇಳ್ತೈತಿ.

ಮಾಮ: ಆ ಒಂದು ಲಕ್ಷದಾಗೇ ನಿನ್ನ ಕಾಲೇಜ್ ಫೀಜು ಹೋಗೇತಿ ಒಮ್ಮೊಮ್ಮೆ. ಅದನ್ನ ಬಿಟ್ಟು ಹೇಳು.

ಸೊಸಿ: ಬಿಟ್ಟು ಹೇಳಾಕ ಆಗಂಗಿಲ್ಲ ಮಾಮಾ. ಬರೇ ಕಮಿಷನ್ನಿನಾಗ ಈ ಕಸುಬು ನಡೀಬೇಕು. ನಡೀಲಿಲ್ಲಂದ್ರ ಕಮಿಷನ್ ಹೆಚ್ಚು ಕೇಳ್ರಿ, ಎದುರಿಗೇ ಕೇಳ್ರಿ, ರಸೀದಿ ಕೊಟ್ಟು ಇಸ್ಕೊಳ್ರಿ.

ಮಾಮ: ರಸೀದಿ ಕೊಟ್ರ ಊರಾಗ ನಗ್ತಾರ. ಆಮ್ಯಾಲ ರೂಢಿ ಆಗ್ತೈತೇನೋ, ಗೊತ್ತಿಲ್ಲ. ಹಿಂಗ ಮಾಡು. ಆರು ತಿಂಗಳು ನನ್ನ ಜೊತಿ ತಿರುಗು. ಮೊದ್ಲು ಪತ್ರ ಬರಹಗಾರರ ಹತ್ರ ಕುಂತು ಹಳೇ ಖರೀದಿ ಪತ್ರದ ಚಕ್ಕುಬಂದಿ ಓದಾಕ ಕಲಿ. ಭೂಮಾಪಕರ ಜೊತಿ ಹೋಗಿ ಹದ್ದುಬಸ್ತು ನೋಡು. ಖಾಸ್ರಾ ಪಹಣಿಯ ಉರ್ದು ಓದೋ ಹಿರೇರು ಲಿಂಗಸುಗೂರಾಗ ಇನ್ನೂ ಅದಾರ, ಅವರಿರೋ ಮಟ ಕಲ್ತುಬಿಡು. ಬಾಡಿಗಿ ಪಾಠ ನೀ ನನಗ ಹೇಳು. ರೇರಾದ 25,000 ನಾ ಕಟ್ತೀನಿ.

ಸೊಸಿ: ಸಾಲಾನ?

ಮಾಮ: ಸಾಲ. ನಿನ್ನ ಕಮಿಷನ್ನಿನಾಗ ಮುರ್ಕೋತೀನಿ, ರಸೀದಿ ಕೊಟ್ಟು.

ಸೊಸಿ: ನನ್ನೊಬ್ಬಾಕಿಗೆ ಆದ್ರ ಆತೇನು? ಮೂರು ಊರಾಗ ಈ ಕಸುಬಿಗೆ ದಿನಾ ಹೊಸ ಹುಡುಗರು ಬರಾಕತ್ತಾರ. ಎಲ್ಲಾರಿಗೂ ಮಾಮ ಇರಂಗಿಲ್ಲ. ಸರಕಾರ ನಮ್ಮ ರಾಜ್ಯದಾಗೂ ಏಜೆಂಟರಿಗೆ ಪರೀಕ್ಷೆ ಇಡಲಿ. ಇಟ್ರ ಕನ್ನಡದಾಗ ಇಡಲಿ, ತರಬೇತಿ ರಾಯಚೂರಿನಾಗ ಕೊಡಲಿ. ನಮ್ಮ ಸೀಮಿಯ ಹಳೇ ಕಾಗದದ ಪಾಠ ಒಂದು, ಬಾಡಿಗಿ ಮನಿಯ ಪಾಠ ಒಂದು, ಎರಡೂ ಅದರಾಗ ಇರಲಿ.

ಮಾಮ: ನನ್ನಂಥ ಹಳಬರಿಗೂ ಕಡ್ಡಾಯ ಮಾಡ್ರಿ ಅಂತ ಬರಿ. ಇಲ್ಲಾಂದ್ರ ನಾವ್ಯಾರೂ ಕೂಡಂಗಿಲ್ಲ.